ಜನಸಾಮಾನ್ಯನ ಕಾರು

ಮೋಟಾರು ಕಾರನ್ನು ಕಂಡುಹಿಡಿದವನು ಹೆನ್ರಿ ಫೋರ್ಡನೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಜರ್ಮನಿಯ ಕಾರ್ಲ್ ಬೆಂಜ್ ಎಂಬಾತನು ೧೮೮೬ರಲ್ಲಿಯೇ ತನ್ನ ಮೋಟಾರು ಬಂಡಿಗೆ ಪೇಟೆಂಟು ಪಡೆದಿದ್ದನು. ಆಗ ಫೋರ್ಡನು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ತಂದೆ ಕೊಟ್ಟ ಜಮೀನಿನ ಮೇಲಿದ್ದ, ಇಪ್ಪತ್ತೆರಡು ವರ್ಷದ ತರುಣ. ಹಾಗಾದರೆ ಬೆಂಜನ ಹೆಸರಿಗಿಂತಲೂ ಫೋರ್ಡನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಬರುವುದೇಕೆ? ಆತನು ಕಾರನ್ನು ಕಂಡುಹಿಡಿಯಲಿಲ್ಲ. ಕಾರನ್ನು ಲಕ್ಷಗಟ್ಟಲೆ ಮಾಡಿ ಅಗ್ಗಕ್ಕೆ ಮಾರುವ ಬಗೆಯನ್ನು ತೋರಿಸಿಕೊಟ್ಟನು. ಶ್ರೀಮಂತರ ಆಟಿಕೆಯಾಗಿದ್ದುದನ್ನು ರೈತನ ಅಂಗಳಕ್ಕೆ ತಂದನು. ಹಾಗೆ ತರುವಾಗ ಕೆಲಸಗಾರನ ಕೈಯಿಂದ ಏನನ್ನು ಕಿತ್ತುಕೊಂಡನು, ಅವನ ಕೈಗೆ ಏನನ್ನು ಕೊಟ್ಟನು ಎಂಬುದು ಈ ಲೇಖನದ ವಿಷಯ.

ಹೆನ್ರಿ ಫೋರ್ಡನು ಹುಟ್ಟಿದ್ದು ೧೮೬೩ರ ಜುಲೈ ೩೦ರಂದು. ತಂದೆ ವಿಲಿಯಂ ಐರ್ಲೆಂಡಿನಿಂದ ವಲಸೆ ಬಂದ ರೈತ. ಮಗನಿಗೆ ಹೊಲದ ಕೆಲಸವೆಂದರೆ ಬೇಸರ, ಯಂತ್ರವೆಂದರೆ ಪ್ರಾಣ. ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡನು. ಆ ವರ್ಷವೇ, ಅಂದರೆ ೧೮೭೬ರಲ್ಲಿ, ಕುದುರೆಗಳಿಲ್ಲದೆ ರಸ್ತೆಯ ಮೇಲೆ ತಾನಾಗಿ ಬರುತ್ತಿದ್ದ ಒಂದು ಉಗಿಯಂತ್ರವನ್ನು ಕಂಡು ಬೆರಗಾದನು. ೧೮೭೯ರಲ್ಲಿ ಹಳ್ಳಿ ಬಿಟ್ಟು ಡೆಟ್ರಾಯಿಟ್ ನಗರ ಸೇರಿ ಯಂತ್ರದ ಕೆಲಸ ಕಲಿತನು. ಮುಂದೆ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರಾದನು. ಹಗಲು ನೌಕರಿ ಮಾಡಿ, ರಾತ್ರಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತನ್ನ ಮೊದಲ ಬಂಡಿಯನ್ನು ಕಟ್ಟಿದನು. ೧೮೯೬ರ ಜೂನ್ ೪ರ ಬೆಳಗಿನ ಜಾವ ಅದನ್ನು ಹೊರಗೆ ತರಬೇಕೆಂದಾಗ ಬಾಗಿಲು ಸಾಲದೆ ಹೋಯಿತು. ಫೋರ್ಡನು ಕೊಡಲಿಯಿಂದ ಗೋಡೆಯ ಇಟ್ಟಿಗೆಗಳನ್ನು ಕೆಡವಿ ದಾರಿ ಮಾಡಿಕೊಂಡನು!

ಆದರೆ ಯಶಸ್ಸು ಕೂಡಲೇ ಕೈಗೆ ಸಿಕ್ಕಲಿಲ್ಲ. ೧೮೯೯ರಲ್ಲಿ ಸ್ಥಾಪಿಸಿದ ಮೊದಲ ಕಂಪನಿ ಮುಳುಗಿತು. ಎರಡನೆಯದರಲ್ಲಿ ಬಂಡವಾಳ ಹೂಡಿದವರೊಡನೆ ಮನಸ್ತಾಪ ಬಂದು ಆತನೇ ಹೊರನಡೆದನು. ಆ ಕಂಪನಿಯೇ ಮುಂದೆ ಕ್ಯಾಡಿಲಾಕ್ ಎಂದು ಹೆಸರಾಯಿತು. ಮೂರನೆಯ ಪ್ರಯತ್ನವೇ ೧೯೦೩ರ ಜೂನ್ ೧೬ರಂದು ಹುಟ್ಟಿದ ಫೋರ್ಡ್ ಮೋಟಾರು ಕಂಪನಿ. ಅದರ ಕೈಯಲ್ಲಿದ್ದ ನಗದು ಕೇವಲ ೨೮,೦೦೦ ಡಾಲರು.

ಆ ಕಾಲದ ಕಾರು ತಯಾರಕರು ಒಂದು ಕಾರನ್ನು ಹೆಚ್ಚು ಬೆಲೆಗೆ ಮಾರಿ ಹೆಚ್ಚು ಲಾಭ ಪಡೆಯಬೇಕೆಂದು ಯೋಚಿಸುತ್ತಿದ್ದರು. ಫೋರ್ಡನ ಲೆಕ್ಕಾಚಾರವೇ ಬೇರೆ: ಬೆಲೆ ಇಳಿಸಿದರೆ ಕೊಳ್ಳುವವರು ಹೆಚ್ಚುತ್ತಾರೆ, ಒಂದೊಂದರ ಮೇಲೆ ಲಾಭ ಕಡಿಮೆಯಾದರೂ ಒಟ್ಟು ಲಾಭ ಬೆಳೆಯುತ್ತದೆ. ಈ ಯೋಚನೆಯಿಂದ ೧೯೦೮ರ ಅಕ್ಟೋಬರಿನಲ್ಲಿ ಹೊರಬಂದದ್ದು 'ಮಾಡೆಲ್ ಟಿ' ಕಾರು. ನಾಲ್ಕು ಸಿಲಿಂಡರು, ಇಪ್ಪತ್ತು ಅಶ್ವಶಕ್ತಿ, ಬೆಲೆ ೮೫೦ ಡಾಲರು. ಹಗುರವಾದರೂ ಗಟ್ಟಿಯಾದ ವನೇಡಿಯಂ ಉಕ್ಕನ್ನು ಅದಕ್ಕೆ ಬಳಸಿದ್ದರು. ಅಮೆರಿಕದ ಹಳ್ಳಿಗಳ ದಾರಿ ಆಗ ಮಳೆ ಬಂದರೆ ಕೆಸರು, ಬಿಸಿಲಾದರೆ ಕೊರಕಲು. ಅಂಥ ದಾರಿಗೆಂದೇ ಕಾರಿನ ತಳವನ್ನು ನೆಲದಿಂದ ಎತ್ತರದಲ್ಲಿಟ್ಟಿದ್ದರು. ಕೆಟ್ಟರೆ ರೈತನೇ ಮನೆಯಲ್ಲಿದ್ದ ಸಲಕರಣೆಗಳಿಂದ ರಿಪೇರಿ ಮಾಡಿಕೊಳ್ಳಬಹುದಾಗಿತ್ತು. ಅಷ್ಟೇ ಏಕೆ, ಹಿಂದಿನ ಚಕ್ರವನ್ನು ನೆಲದಿಂದೆತ್ತಿ ಅದಕ್ಕೆ ಬೆಲ್ಟು ತೊಡಿಸಿ ನೀರೆತ್ತುವುದು, ಸೌದೆ ಕೊಯ್ಯುವುದು ಮುಂತಾದ ಕೆಲಸಗಳನ್ನೂ ಮಾಡಿಸುತ್ತಿದ್ದರು. ಜನರು ಅದನ್ನು ಪ್ರೀತಿಯಿಂದಲೂ ಹಾಸ್ಯದಿಂದಲೂ 'ಟಿನ್ ಲಿಜ್ಜಿ' ಎಂದು ಕರೆದರು.

ಬೇಡಿಕೆ ಪೂರೈಸಲಾಗದಷ್ಟು ಬೆಳೆಯಿತು. ಇಲ್ಲಿಂದಲೇ ಫೋರ್ಡ್ ಕಂಪನಿಯ ನಿಜವಾದ ಸಾಹಸ ಆರಂಭವಾಗುವುದು. ನಮ್ಮ ಊರಿನ ಬಡಗಿ ಗಾಡಿ ಮಾಡುವುದನ್ನು ನೋಡಿದವರಿಗೆ ಹಳೆಯ ಪದ್ಧತಿ ಗೊತ್ತು. ಗಾಡಿ ಒಂದೆಡೆ ನಿಂತಿರುತ್ತದೆ. ಬಡಗಿ ಅದರ ಸುತ್ತ ಓಡಾಡುತ್ತ ಗುಂಬ, ಅರೆ, ನೊಗ ಎಲ್ಲವನ್ನೂ ತಾನೇ ಮಾಡಿ ಕೂಡಿಸುತ್ತಾನೆ. ಕಾರನ್ನೂ ಮೊದಲು ಹೀಗೆಯೇ ಕಟ್ಟುತ್ತಿದ್ದರು. ೧೯೧೩ರಲ್ಲಿ ಹೈಲೆಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಇದನ್ನು ತಲೆಕೆಳಗು ಮಾಡಿದರು. ಕೆಲಸಗಾರ ನಿಂತಲ್ಲೇ ನಿಂತನು; ಕೆಲಸವೇ ಅವನ ಬಳಿಗೆ ಹರಿದು ಬಂದಿತು. ಷಿಕಾಗೋ ನಗರದ ಕಸಾಯಿಖಾನೆಗಳಲ್ಲಿ ತೂಗುಹಾಕಿದ ಪ್ರಾಣಿಯ ದೇಹವು ಒಬ್ಬನಿಂದ ಒಬ್ಬನಿಗೆ ಸಾಗುತ್ತಿದ್ದುದು ಇದಕ್ಕೆ ಒಂದು ಪ್ರೇರಣೆಯಾಯಿತು. ಮ್ಯಾಗ್ನೆಟೊ ಎಂಬ ಒಂದು ಭಾಗವನ್ನು ಒಬ್ಬನೇ ಜೋಡಿಸಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆ ಕೆಲಸವನ್ನು ಇಪ್ಪತ್ತೊಂಬತ್ತು ತುಂಡು ಮಾಡಿ ಹಂಚಿದಾಗ ಹದಿಮೂರು ನಿಮಿಷಕ್ಕೆ ಇಳಿಯಿತು. ಕೊನೆಗೆ ಐದು ನಿಮಿಷ ಸಾಕಾಯಿತು. ಕಾರಿನ ಇಡೀ ಚಾಸಿಸ್ಸನ್ನು ಜೋಡಿಸಲು ಬೇಕಾಗಿದ್ದ ಹನ್ನೆರಡೂವರೆ ಗಂಟೆ ತೊಂಬತ್ತಮೂರು ನಿಮಿಷಕ್ಕೆ ಇಳಿಯಿತು.

ಇಲ್ಲಿ ಒಂದು ಸ್ವಂತ ಮಾತು ಹೇಳುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. ನಮ್ಮ ಅಕ್ಕ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮೆಟ್ಟಿಲು ಹತ್ತಿಸಿದ್ದು ಅವಳ ಸಂಬಳ. ಅವಳು ದಿನವೆಲ್ಲ ಅಂಗಿಯ ಕಾಲರು ಹೊಲಿಯುತ್ತಾಳೆ. ತೋಳು ಬೇರೊಬ್ಬರದು, ಗುಂಡಿ ಮತ್ತೊಬ್ಬರದು. ಒಮ್ಮೆ ಹಬ್ಬಕ್ಕೆ ಬಂದಾಗ, "ನನಗೊಂದು ಅಂಗಿ ಹೊಲಿದುಕೊಡಕ್ಕ" ಎಂದು ಕೇಳಿದೆ. ಅವಳು ನಕ್ಕು, "ಕಾಲರು ಬೇಕಾದರೆ ನೂರು ಹೊಲಿದುಕೊಡ್ತೀನಿ ಕಣೋ, ಇಡೀ ಅಂಗಿ ನಾನೆಲ್ಲಿ ಹೊಲಿದಿದ್ದೀನಿ?" ಎಂದಳು. ಫೋರ್ಡನ ಕಾರ್ಖಾನೆಯ ವಿಷಯ ಓದಿದಾಗ ಈ ಮಾತಿನ ಮೂಲ ನನಗೆ ಹೊಳೆಯಿತು. ಕೆಲಸವನ್ನು ಹೀಗೆ ತುಂಡು ಮಾಡಿ ಸಾಲಿನಲ್ಲಿ ಹರಿಸುವ ಪದ್ಧತಿಗೆ ಜಗತ್ತೇ ನೋಡುವಂಥ ರೂಪ ಕೊಟ್ಟದ್ದು ಹೈಲೆಂಡ್ ಪಾರ್ಕು.

ಅಲ್ಲಿನ ಕೆಲಸಗಾರರಿಗೂ ಅದು ಹಿಡಿಸಲಿಲ್ಲ. ದಿನವಿಡೀ ಒಂದೇ ತಿರುಪನ್ನು ತಿರುಗಿಸುತ್ತ ಗಾಣದ ಎತ್ತಿನಂತೆ ಬಾಳುವುದಕ್ಕೆ ಬೇಸತ್ತು ಬಿಟ್ಟುಹೋಗತೊಡಗಿದರು. ಸುಮಾರು ೧೪,೦೦೦ ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದಕ್ಕಾಗಿ ೧೯೧೩ರ ಒಂದೇ ವರ್ಷದಲ್ಲಿ ೫೨,೦೦೦ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಆಗ ೧೯೧೪ರ ಜನವರಿ ೫ರಂದು ಕಂಪನಿಯು ಇಡೀ ದೇಶ ಬೆಚ್ಚುವಂಥ ಪ್ರಕಟಣೆ ಹೊರಡಿಸಿತು. ಒಂಬತ್ತು ಗಂಟೆಗೆ ೨.೩೪ ಡಾಲರಿದ್ದ ದಿನಗೂಲಿಯನ್ನು ಎಂಟು ಗಂಟೆಗೆ ೫ ಡಾಲರು ಮಾಡಲಾಯಿತು! ಕೊರೆಯುವ ಚಳಿಯಲ್ಲಿ ಸಾವಿರಾರು ಜನರು ಕೆಲಸಕ್ಕಾಗಿ ಕಾರ್ಖಾನೆಯ ಬಾಗಿಲಿಗೆ ಮುತ್ತಿದರು.

ಇದನ್ನು ಬರಿಯ ಔದಾರ್ಯವೆಂದು ಹೊಗಳುವುದೂ ತಪ್ಪು, ಬರಿಯ ಕಪಟವೆಂದು ಹಳಿಯುವುದೂ ತಪ್ಪು. ಕೆಲಸಗಾರರು ಬಿಟ್ಟುಹೋಗುವುದರಿಂದ ಆಗುತ್ತಿದ್ದ ನಷ್ಟ ತಪ್ಪಿತು. ಈ ಕೂಲಿಗೆ ಷರತ್ತುಗಳೂ ಇದ್ದವು. ಕೆಲಸಗಾರನು ಕುಡಿಯುತ್ತಾನೆಯೆ, ಹಣ ಉಳಿಸುತ್ತಾನೆಯೆ, ಮನೆಯನ್ನು ಚೊಕ್ಕಟವಾಗಿ ಇಟ್ಟಿದ್ದಾನೆಯೆ ಎಂದು ನೋಡಲು ಕಂಪನಿಯವರು ಮನೆಮನೆಗೆ ಹೋಗುತ್ತಿದ್ದರು. ಆದರೂ ಒಂದು ಲೆಕ್ಕ ನೋಡೋಣ. ಹಳೆಯ ಕೂಲಿಯಲ್ಲಿ ೮೫೦ ಡಾಲರಿನ ಕಾರೆಂದರೆ ಹೆಚ್ಚುಕಡಿಮೆ ೩೬೩ ದಿನಗಳ ದುಡಿಮೆ. ೧೯೨೫ರ ವೇಳೆಗೆ ಅತ್ಯಂತ ಅಗ್ಗದ ಮಾಡೆಲ್ ಟಿ ಕಾರಿನ ಬೆಲೆ ೨೬೦ ಡಾಲರಿಗೆ ಇಳಿಯಿತು. ಐದು ಡಾಲರಿನ ಕೂಲಿಯಲ್ಲಿ ಅದು ೫೨ ದಿನಗಳ ದುಡಿಮೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವಲ್ಲವೆ? ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಎಂಬಂತಿದ್ದ ಲೋಕದಲ್ಲಿ, ಕಾರು ಮಾಡಿದವನೇ ಕಾರು ಕೊಳ್ಳಬಹುದೆಂಬುದು ಸಣ್ಣ ಸಂಗತಿಯಲ್ಲ. ಫೋರ್ಡ್ ಕಾರಿನ ಆಕರ್ಷಣೆಯ ಮೂಲ ಇಲ್ಲಿದೆ ಎಂದು ನನ್ನ ಎಣಿಕೆ.

ಮೇಲೆತ್ತಿದ ಗುಣವೇ ಕೆಳಗೆ ಕೆಡಹುವುದೂ ಉಂಟು. ಫೋರ್ಡನಿಗೆ ಮಾಡೆಲ್ ಟಿ ಒಂದೇ ಸಾಕೆಂಬ ಹಟ. ೧೯೧೪ರಿಂದ ೧೯೨೫ರ ವರೆಗೆ ಆ ಕಾರಿಗೆ ಕಪ್ಪು ಬಣ್ಣ ಬಿಟ್ಟು ಬೇರೆ ಬಣ್ಣವಿರಲಿಲ್ಲ. ಅಷ್ಟರಲ್ಲಿ ಜನರಲ್ ಮೋಟಾರ್ಸ್ ಕಂಪನಿಯವರು ಬಗೆಬಗೆಯ ಬಣ್ಣದ, ಬಗೆಬಗೆಯ ದರ್ಜೆಯ ಕಾರುಗಳನ್ನು ತಂದು, ಕಂತಿನ ಮೇಲೆ ಮಾರತೊಡಗಿದರು. ಜನರ ಮನಸ್ಸು ಅತ್ತ ತಿರುಗಿತು. ಒಂದೂವರೆ ಕೋಟಿ ಕಾರುಗಳನ್ನು ಮಾಡಿದ ಮೇಲೆ ೧೯೨೭ರಲ್ಲಿ ಮಾಡೆಲ್ ಟಿ ನಿಂತಿತು. ಹೊಸ 'ಮಾಡೆಲ್ ಎ' ಬರುವವರೆಗೆ ತಿಂಗಳುಗಟ್ಟಲೆ ಜೋಡಣೆಯ ಸಾಲುಗಳು ಮುಚ್ಚಿದ್ದವು. ೧೯೩೨ರಲ್ಲಿ ಅಗ್ಗದ ಕಾರಿಗೂ ಎಂಟು ಸಿಲಿಂಡರಿನ 'ವಿ-೮' ಇಂಜಿನ್ನನ್ನು ಕೊಟ್ಟು ಕಂಪನಿ ಮತ್ತೆ ಜನರ ಮೆಚ್ಚುಗೆ ಗಳಿಸಿತು.

ಕಂಪನಿಯ ಚರಿತ್ರೆಯಲ್ಲಿ ಕಪ್ಪು ಪುಟಗಳೂ ಇವೆ. ಫೋರ್ಡನು ತನ್ನ ಪತ್ರಿಕೆಯಲ್ಲಿ ಯಹೂದ್ಯರ ಮೇಲೆ ದ್ವೇಷದ ಲೇಖನಗಳನ್ನು ಹಾಕಿಸಿದನು. ೧೯೨೭ರಲ್ಲಿ ಕ್ಷಮೆ ಕೇಳಿದರೂ ೧೯೩೮ರಲ್ಲಿ ಹಿಟ್ಲರನ ಸರ್ಕಾರದ ಪದಕವನ್ನು ಸ್ವೀಕರಿಸಿದನು. ೧೯೩೨ರ ಮಾರ್ಚ್ ೭ರಂದು, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ರೂಜ್ ಕಾರ್ಖಾನೆಯತ್ತ ಮೆರವಣಿಗೆ ಬಂದ ನಿರುದ್ಯೋಗಿಗಳ ಮೇಲೆ ಗುಂಡು ಹಾರಿತು, ಸತ್ತವರು ಐವರು. ಐದು ಡಾಲರು ಕೊಟ್ಟ ಯಜಮಾನನೇ ಕಾರ್ಮಿಕ ಸಂಘವನ್ನು ಒಪ್ಪಲಾರದೆ ಹೋದನು. ೧೯೩೭ರಲ್ಲಿ ಕರಪತ್ರ ಹಂಚಲು ಬಂದ ವಾಲ್ಟರ್ ರೂಥರ್ ಮೊದಲಾದ ಮುಖಂಡರನ್ನು ಕಂಪನಿಯ ಕಡೆಯವರು ಹೊಡೆದರು. ಮುಷ್ಕರವಾದ ಮೇಲೆ, ೧೯೪೧ರಲ್ಲಿ, ಸಂಘದೊಡನೆ ಒಪ್ಪಂದಕ್ಕೆ ಸಹಿ ಬಿದ್ದಿತು. ಕೂಲಿ ಹೆಚ್ಚಿಸುವುದು ಬೇರೆ, ಕೂಲಿಕಾರನ ಮಾತಿಗೆ ಕಿವಿಗೊಡುವುದು ಬೇರೆ ಎಂಬುದನ್ನು ಇದರಿಂದ ತಿಳಿಯಬಹುದು.

ಅದೇ ೧೯೪೧ರಲ್ಲಿ ನಡೆದ ಇನ್ನೊಂದು ಘಟನೆ ನಮ್ಮ ದೇಶಕ್ಕೆ ಸಂಬಂಧಿಸಿದುದು. ಯುದ್ಧವನ್ನು ವಿರೋಧಿಸುತ್ತಿದ್ದ ಫೋರ್ಡನು ಗಾಂಧೀಜಿಯವರ ಬಗ್ಗೆ ಗೌರವವಿಟ್ಟಿದ್ದನು. ಗಾಂಧೀಜಿಯವರು ತಮ್ಮ ಸಹಿಯುಳ್ಳ ಒಂದು ಚರಕವನ್ನು ಆತನಿಗೆ ಕಳುಹಿಸಿಕೊಟ್ಟರು. ಕೋಟಿಗಟ್ಟಲೆ ಯಂತ್ರಗಳನ್ನು ಮಾಡಿದವನ ಕೈಗೆ, ಒಬ್ಬನು ಒಂಟಿಯಾಗಿ ಕುಳಿತು ನೂಲುವ ಚರಕ! ಯಂತ್ರಕ್ಕೆ ಮನುಷ್ಯ ಅಡಿಯಾಳೋ, ಮನುಷ್ಯನಿಗೆ ಯಂತ್ರ ಅಡಿಯಾಳೋ ಎಂಬ ಪ್ರಶ್ನೆಯನ್ನು ಇದಕ್ಕಿಂತ ಸರಳವಾಗಿ ಕೇಳುವುದು ಕಷ್ಟ.

೧೯೪೭ರ ಏಪ್ರಿಲ್ ೭ರ ರಾತ್ರಿ ಹೆನ್ರಿ ಫೋರ್ಡನು ತೀರಿಕೊಂಡನು. ಅಂದು ನೆರೆ ಬಂದು ಮನೆಯ ವಿದ್ಯುತ್ತು ನಿಂತುಹೋಗಿತ್ತು. ಯಂತ್ರಯುಗದ ಈ ಮಹಾಪುರುಷನು ಹುಟ್ಟಿದಂತೆಯೇ ದೀಪದ ಮಂದ ಬೆಳಕಿನಲ್ಲಿ ಕಣ್ಣು ಮುಚ್ಚಿದನು. ೧೯೪೫ರಲ್ಲಿಯೇ ಅಧಿಕಾರ ವಹಿಸಿಕೊಂಡಿದ್ದ ಮೊಮ್ಮಗ ಎರಡನೆಯ ಹೆನ್ರಿ ಫೋರ್ಡನು, ನಷ್ಟದಲ್ಲಿದ್ದ ಕಂಪನಿಯನ್ನು ಎತ್ತಿ ನಿಲ್ಲಿಸಿದನು. ೧೯೫೬ರಲ್ಲಿ ಷೇರುಗಳು ಸಾರ್ವಜನಿಕರಿಗೆ ದೊರೆತವು. ೧೯೫೭ರಲ್ಲಿ ಭಾರಿ ಪ್ರಚಾರದೊಡನೆ ಬಂದ 'ಎಡ್ಸೆಲ್' ಕಾರು ಎರಡೇ ವರ್ಷದಲ್ಲಿ ನಿಂತಿತು. ೧೯೬೪ರಲ್ಲಿ ಬಂದ 'ಮಸ್ಟಾಂಗ್' ಮಾತ್ರ ತರುಣರ ಮನಸ್ಸನ್ನು ಸೂರೆಗೊಂಡು, ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ೧೯೭೧ರ ಮಾದರಿಯಾಗಿ ಬಂದ 'ಪಿಂಟೋ' ಕಾರಿನ ಪೆಟ್ರೋಲು ತೊಟ್ಟಿ ಹಿಂದಿನಿಂದ ಡಿಕ್ಕಿಯಾದರೆ ಬೆಂಕಿ ಹೊತ್ತಿಕೊಳ್ಳುವಂತಿದ್ದುದರಿಂದ, ೧೯೭೮ರಲ್ಲಿ ಸುಮಾರು ಹದಿನೈದು ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ೧೯೪೮ರಲ್ಲಿ ಆರಂಭವಾದ 'ಎಫ್' ಸರಣಿಯ ಪಿಕಪ್ ಬಂಡಿಗಳಾದರೋ ರೈತರಿಗೂ ಕಸುಬುದಾರರಿಗೂ ಮಾಡೆಲ್ ಟಿ ಕಾರಿನ ವಾರಸುದಾರರಂತೆ ಒದಗಿಬಂದವು. ೨೦೦೬ರಲ್ಲಿ ಕಂಪನಿಯು ತನ್ನ ನೀಲಿ ಲಾಂಛನವನ್ನೂ ಒತ್ತೆಯಿಟ್ಟು ಸಾಲ ಎತ್ತಿತು. ಇದರಿಂದ ೨೦೦೯ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿಗೆ ಶರಣಾದಾಗಲೂ ಫೋರ್ಡ್ ದಿವಾಳಿಯಾಗದೆ ಉಳಿಯಿತು. ಲಾಂಛನವನ್ನು ೨೦೧೨ರಲ್ಲಿ ಬಿಡಿಸಿಕೊಂಡಿತು.

ಭಾರತಕ್ಕೆ ಈ ಕಂಪನಿ ೧೯೨೬ರಲ್ಲಿಯೇ ಬಂದು ಮುಂದೆ ಹಿಂದಿರುಗಿತ್ತು. ೧೯೯೫ರಲ್ಲಿ ಮತ್ತೆ ಬಂದು ಚೆನ್ನೈ ಬಳಿ ಕಾರ್ಖಾನೆ ತೆರೆಯಿತು. ೨೦೨೧ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದಾಗ ಸಾವಿರಾರು ಕೆಲಸಗಾರರ ಮನೆಗಳಲ್ಲಿ ಚಿಂತೆ ಕವಿಯಿತು. ಜಗತ್ತಿನ ಒಂದು ತುದಿಯಲ್ಲಿ ಹಾಕಿದ ಲೆಕ್ಕ ಇನ್ನೊಂದು ತುದಿಯ ಒಲೆಯನ್ನು ಮುಟ್ಟುತ್ತದೆ.

ಫೋರ್ಡ್ ಕಂಪನಿಯ ಕಥೆಯಿಂದ ನಾವು ಕಲಿಯಬೇಕಾದುದು ಕಾರು ಮಾಡುವ ವಿದ್ಯೆಯನ್ನಷ್ಟೇ ಅಲ್ಲ. ಕೆಲಸವನ್ನು ತುಂಡು ಮಾಡಿದವನು ಆ ಬೇಸರದ ಬೆಲೆಯನ್ನೂ ಒಂದು ಮಟ್ಟಿಗೆ ತೆರಬೇಕಾಯಿತು. ಉಳಿದುದನ್ನು ಕೆಲಸಗಾರರು ಹೋರಾಡಿ ಪಡೆದರು. ಆತನ ಸಾಲನ್ನು ಲೋಕವೆಲ್ಲ ನಕಲು ಮಾಡಿತು. ಐದು ಡಾಲರನ್ನು ನಕಲು ಮಾಡಿದವರು ಕಡಿಮೆ. ನಮ್ಮ ಅಕ್ಕ ಕಾಲರು ಹೊಲಿದ ಅಂಗಿಗಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತವೆ. ಅಲ್ಲಿ ಅವುಗಳಲ್ಲೊಂದರ ಬೆಲೆ ಅವಳ ಎಷ್ಟು ದಿನದ ಕೂಲಿ ಎಂದು ಅವಳಿಗೆ ಯಾರೂ ಹೇಳಿಲ್ಲ. ಅರ್ಥಶಾಸ್ತ್ರ ಓದುತ್ತಿರುವ ನಾವಾದರೂ ಆ ಲೆಕ್ಕವನ್ನು ಮಾಡಬೇಡವೆ?