ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸ್ತೀರಾ? ಅಡ್ವಾನ್ಸ್ ಕಟ್ಟೋ ಮೊದಲು ಇಷ್ಟು ತಿಳ್ಕೊಳ್ಳಿ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ರಜೆ ಸಿಕ್ತು ಅಂದ್ರೆ ಅನೇಕ ಮನೆಗಳಲ್ಲಿ ಒಂದೇ ಮಾತು: 'ಈ ರಜೇಲಿ ಹಲ್ಲಿಗೆ ಕ್ಲಿಪ್ ಹಾಕಿಸಿಬಿಡೋಣ'. ಹಾಕಿಸೋದೇನೋ ಒಂದೆರಡು ಭೇಟಿಯ ಕೆಲಸ. ಆದರೆ ಹಲ್ಲು ಸರಿಯಾಗೋದು ಒಂದು ರಜೆಯಲ್ಲಿ ಆಗುವ ಮಾತಲ್ಲ. ಪಾಲಕರ ಲೆಕ್ಕಾಚಾರ ತಪ್ಪೋದು ಇಲ್ಲೇ.

ಎಷ್ಟು ದಿನ ಬೇಕು?

ಸಾಮಾನ್ಯವಾಗಿ ಒಂದೂವರೆಯಿಂದ 2 ವರ್ಷ. ಹಲ್ಲು ದವಡೆಯ ಮೂಳೆಯೊಳಗೆ ಕೂತಿರುತ್ತೆ. ತಂತಿ ಅದನ್ನು ಮೆಲ್ಲಗೆ ಒತ್ತಿದಾಗ ಒಂದು ಬದಿಯ ಮೂಳೆ ಕರಗಿ, ಇನ್ನೊಂದು ಬದಿಯಲ್ಲಿ ಹೊಸ ಮೂಳೆ ಬೆಳೆಯುತ್ತೆ. ಅವಸರ ಮಾಡಿ ಜೋರಾಗಿ ಎಳೆದರೆ ಹಲ್ಲಿನ ಬೇರಿಗೇ ಪೆಟ್ಟು. ಹಾಗಾಗಿ 'ಮದುವೆಗೆ ಇನ್ನು ಮೂರು ತಿಂಗಳಿದೆ, ಅಷ್ಟರಲ್ಲಿ ಸರಿ ಮಾಡಿಕೊಡಿ' ಅಂದರೆ ಹೆಚ್ಚಿನ ಕೇಸುಗಳಲ್ಲಿ ಆಗಲ್ಲ.

ನಾಲ್ಕರಿಂದ ಆರು ವಾರಕ್ಕೊಮ್ಮೆ ತೋರಿಸಲೇಬೇಕು. ತಾಲೂಕಿನ ಎಷ್ಟೋ ಕ್ಲಿನಿಕ್‌ಗಳಿಗೆ ಕ್ಲಿಪ್ ತಜ್ಞರು ಹೊರಗಿನಿಂದ, ತಿಂಗಳಲ್ಲಿ ಗೊತ್ತಾದ ದಿನ ಮಾತ್ರ ಬರ್ತಾರೆ. ಅಂಗಡಿ ಬಿಟ್ಟು ಬರೋಕಾಗಲ್ಲ ಅಂತ ಆ ದಿನ ತಪ್ಪಿಸಿದರೆ ಮತ್ತೊಂದು ತಿಂಗಳು ಹೋಯ್ತು. ಪಿಯುಸಿಗೆ ಮಗು ದೂರದ ಹಾಸ್ಟೆಲ್‌ಗೆ ಹೋಗೋದಿದ್ದರೆ ಮೊದಲೇ ಯೋಚಿಸಿ. ಅರ್ಧಕ್ಕೆ ಬಿಟ್ಟ ಕೇಸನ್ನು ಬೇರೆ ಡಾಕ್ಟರ್ ಮುಂದುವರಿಸಬೇಕೆಂದರೆ ಹೊಸದಾಗಿ ಖರ್ಚು ಬೀಳಬಹುದು.

ಚೆನ್ನಾಗಿರೋ ಹಲ್ಲು ಕೀಳೋದ್ಯಾಕೆ?

ಪಾಲಕರು ಹೆಚ್ಚು ಗಾಬರಿ ಆಗೋದು ಈ ಮಾತಿಗೆ. ದವಡೆ ಸಣ್ಣದಿದ್ದು ಹಲ್ಲು ದೊಡ್ಡದಿದ್ದರೆ ಸಾಲಾಗಿ ನಿಲ್ಲೋಕೆ ಜಾಗವೇ ಇರಲ್ಲ. ಆಗ ಕೋರೆಹಲ್ಲಿನ ಹಿಂದಿರೋ ಹಲ್ಲುಗಳನ್ನು ತೆಗೆದು ಜಾಗ ಮಾಡ್ತಾರೆ. ಆ ಖಾಲಿ ಜಾಗ ಚಿಕಿತ್ಸೆ ಮುಗಿಯೋ ಹೊತ್ತಿಗೆ ಮುಚ್ಚಿಕೊಳ್ಳುತ್ತೆ. ಎಲ್ಲರಿಗೂ ಕೀಳಬೇಕಂತಿಲ್ಲ. ಯಾಕೆ ಬೇಕು, ಕೀಳದೇ ಮಾಡಿದರೆ ಏನಾಗುತ್ತೆ ಅಂತ ಎಕ್ಸ್‌ರೇ ಇಟ್ಟುಕೊಂಡು ವಿವರಿಸಿ ಅಂತ ಕೇಳೋದು ನಿಮ್ಮ ಹಕ್ಕು.

ಎಷ್ಟನೇ ವಯಸ್ಸಿಗೆ?

ಏಳೆಂಟು ವರ್ಷದ ಮಗುವಿನ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದಿ ಕಂಡರೆ ಹೆದರಬೇಡಿ. ಕೋರೆಹಲ್ಲು ಬಂದ ಮೇಲೆ ಎಷ್ಟೋ ಮಕ್ಕಳಿಗೆ ಅದು ತಾನಾಗೇ ಕೂಡಿಕೊಳ್ಳುತ್ತೆ. ಆದರೆ ಬೆರಳು ಚೀಪೋ ಅಭ್ಯಾಸ ಬಿಡದಿದ್ದರೆ, ಬಾಯಲ್ಲೇ ಉಸಿರಾಡ್ತಿದ್ದರೆ, ಕೆಳದವಡೆ ಹಿಂದೆ ಅಥವಾ ಮುಂದೆ ಇದ್ದಂತೆ ಕಂಡರೆ ಆಗಲೇ ತೋರಿಸಿ. ದವಡೆ ಬೆಳೆಯೋ ವಯಸ್ಸಲ್ಲಿ ಆಗೋ ಕೆಲವು ಕೆಲಸ ಆಮೇಲೆ ಆಗಲ್ಲ. ಪೂರ್ತಿ ಕ್ಲಿಪ್ ಸಾಮಾನ್ಯವಾಗಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ, 11ರಿಂದ 14ರ ವಯಸ್ಸಲ್ಲಿ. ದೊಡ್ಡವರೂ ಹಾಕಿಸ್ಕೋಬಹುದು. ದವಡೆಯಲ್ಲೇ ದೊಡ್ಡ ದೋಷವಿದ್ದರೆ ಮಾತ್ರ ದೊಡ್ಡವರಿಗೆ ಬರೀ ಕ್ಲಿಪ್ ಸಾಕಾಗದೆ ಆಪರೇಷನ್ ಬೇಕಾಗಬಹುದು.

ಮಗುವನ್ನೂ ಕೇಳಿ

ಅಪ್ಪ ಅಮ್ಮನಿಗೆ ಮಗುವಿನ ಮುಖ ಚೆಂದ ಕಾಣಬೇಕು, ಮುಂದೆ ಸಂಬಂಧ ನೋಡುವಾಗ ತೊಂದರೆ ಆಗಬಾರದು ಅನ್ನೋ ಆಸೆ. ಮಗುವಿಗೆ ಕ್ಲಾಸಲ್ಲಿ ಹಲ್ಲುಬ್ಬ ಅಂತ ಕರೆಸ್ಕೊಳ್ಳೋದು ತಪ್ಪಿದರೆ ಸಾಕು. ಅದರ ಜೊತೆಗೆ ನೋವಿನ ಭಯ. ತಂತಿ ಬಿಗಿ ಮಾಡಿದ ಮೇಲೆ ಮೂರ್ನಾಲ್ಕು ದಿನ ಜಗಿಯೋಕೆ ನೋವಾಗೋದು ನಿಜ, ಆಮೇಲೆ ಕಮ್ಮಿ ಆಗುತ್ತೆ. ಇದನ್ನು ಮುಚ್ಚಿಡದೆ ಮೊದಲೇ ಹೇಳಿ.

ಯಾಕಂದ್ರೆ ಅರ್ಧ ಕೆಲಸ ಇರೋದು ಮಗುವಿನ ಕೈಯಲ್ಲೇ. ಕಬ್ಬು, ಚಕ್ಕುಲಿ, ನಿಪ್ಪಟ್ಟು ಕಚ್ಚಿದರೆ ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತು ಬರುತ್ತೆ. ರಬ್ಬರ್ ಹಾಕ್ಕೋ ಅಂದಾಗ ಹಾಕದಿದ್ದರೆ ಹಲ್ಲು ಅಲ್ಲೇ ನಿಲ್ಲುತ್ತೆ. ಸರಿಯಾಗಿ ಬ್ರಶ್ ಮಾಡದಿದ್ದರೆ ಹಲ್ಲು ಸಾಲಾದರೂ ಕ್ಲಿಪ್ ತೆಗೆದಾಗ ಬಿಳಿ ಕಲೆ, ಹುಳುಕು ಕಾಣಿಸುತ್ತೆ. ಒಲ್ಲೆ ಅನ್ನೋ ಮಗುವಿಗೆ ಒತ್ತಾಯದಿಂದ ಹಾಕಿಸಿದರೆ ದುಡ್ಡೂ ದಂಡ, ಹಲ್ಲೂ ಹಾಳು.

ಕ್ಲಿಪ್ ತೆಗೆದ ಮೇಲೆ?

ಮುಗೀತು ಅಂದ್ಕೊಳ್ಳೋದೇ ದೊಡ್ಡ ತಪ್ಪು. ಸರಿದ ಹಲ್ಲು ಮತ್ತೆ ಹಳೇ ಜಾಗಕ್ಕೆ ಹೋಗೋಕೆ ನೋಡುತ್ತೆ. ಅದನ್ನು ತಡೆಯೋದು ರಿಟೇನರ್. ಮೊದಮೊದಲು ಹಗಲೂ ರಾತ್ರಿ, ಆಮೇಲೆ ಡಾಕ್ಟರ್ ಹೇಳಿದಂತೆ ವರ್ಷಗಟ್ಟಲೆ ರಾತ್ರಿ ಹೊತ್ತು ಹಾಕ್ಕೋಬೇಕು. ಡಬ್ಬಿಯಲ್ಲೇ ಇಟ್ಟರೆ 2 ವರ್ಷದ ಶ್ರಮ ನೀರಲ್ಲಿ ಹೋಮ.

ಕ್ಲಿನಿಕ್‌ನಲ್ಲಿ ಕೇಳಬೇಕಾದ್ದು

• ಕ್ಲಿಪ್ ಹಾಕೋರು ಬಿಡಿಎಸ್ ನಂತರ ಈ ವಿಷಯದಲ್ಲಿ 3 ವರ್ಷದ ಎಂಡಿಎಸ್ ಮಾಡಿದ ಆರ್ಥೋಡಾಂಟಿಸ್ಟಾ? ಪ್ರತಿ ಸಲ ಅವರೇ ನೋಡ್ತಾರಾ?
• ಹೇಳಿದ ಮೊತ್ತದಲ್ಲಿ ಎಕ್ಸ್‌ರೇ, ಹಲ್ಲು ಕೀಳೋದು, ರಿಟೇನರ್ ಸೇರಿದೆಯಾ? ಬ್ರಾಕೆಟ್ ಕಿತ್ತರೆ ಬೇರೆ ದುಡ್ಡಾ?
• ಕಂತು ಹೇಗೆ? ಪ್ರತಿ ಸಲ ರಸೀದಿ ಕೊಡ್ತಾರಾ?
• ಊರು ಬದಲಾದರೆ ಎಕ್ಸ್‌ರೇ, ದಾಖಲೆ ಕೈಗೆ ಕೊಡ್ತಾರಾ?

ಖಾಸಗಿ ಕ್ಲಿನಿಕ್ ಖರ್ಚು ಹೊರೆ ಅನ್ನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಅಥವಾ ಹತ್ತಿರದ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಬಹುದು. ಅಲ್ಲಿ ಪ್ರೊಫೆಸರ್‌ಗಳ ಮೇಲ್ವಿಚಾರಣೆಯಲ್ಲಿ ಎಂಡಿಎಸ್ ವಿದ್ಯಾರ್ಥಿಗಳು ಚಿಕಿತ್ಸೆ ಕೊಡ್ತಾರೆ. ಸಾಮಾನ್ಯವಾಗಿ ಖರ್ಚು ಕಡಿಮೆ, ಆದರೆ ಕಾಯೋ ತಾಳ್ಮೆ ಮತ್ತು ಓಡಾಟದ ಬಸ್ ಚಾರ್ಜ್ ಲೆಕ್ಕ ಹಾಕ್ಕೊಂಡೇ ಹೋಗಿ.