ಬೆನ್ನುಹುರಿಯಲ್ಲಿ ಜ್ಞಾನಮಾರ್ಗ ಮತ್ತು ಚೇಷ್ಟಾಮಾರ್ಗ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮರ್ಮಗಳನ್ನು ನಿರೂಪಿಸುವ ಅಧ್ಯಾಯದಲ್ಲಿ ಕುಕುಂದರವೆಂಬ ಮರ್ಮವೊಂದು ಹೇಳಲ್ಪಟ್ಟಿದೆ. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿಯೂ ಸ್ವಲ್ಪ ತಗ್ಗಾಗಿರುವ ಈ ಸ್ಥಾನಕ್ಕೆ ಪೆಟ್ಟುಬಿದ್ದರೆ ಶರೀರದ ಕೆಳಭಾಗದಲ್ಲಿ ಸ್ಪರ್ಶಜ್ಞಾನವು ಇಲ್ಲದಾಗುವುದೆಂದೂ ಚೇಷ್ಟೆಯು ಕೆಡುವುದೆಂದೂ ಅಲ್ಲಿನ ಅಭಿಪ್ರಾಯ. ಜ್ಞಾನದ ಹಾನಿಯನ್ನೂ ಚೇಷ್ಟೆಯ ಹಾನಿಯನ್ನೂ ಒಂದೇ ಮಾತಿನಲ್ಲಿ ಸೇರಿಸಿಬಿಡದೆ ಬೇರೆ ಬೇರೆಯಾಗಿ ಹೆಸರಿಸಿರುವುದು ಸೂಕ್ಷ್ಮದೃಷ್ಟಿಯ ಗುರುತು. ಆದರೆ ಇಷ್ಟನ್ನೇ ಹಿಡಿದು ಬೆನ್ನುಹುರಿಯ ಒಳಮಾರ್ಗಗಳೆಲ್ಲವೂ ಪೂರ್ವಿಕರಿಗೆ ತಿಳಿದಿದ್ದುವೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಅಲ್ಲಿ ಕಾಣುವುದು ಗಾಯದ ಫಲ. ಗಾಯದಿಂದ ಕಡಿದುಹೋದ ದಾರಿ ಯಾವುದೆಂಬ ವಿಚಾರವು ಅಲ್ಲಿಲ್ಲ.

ಈ ದಾರಿಗಳ ವಿವರಣೆಗೆ ಮೊದಲು ಶಬ್ದಗಳ ಗೊಂದಲವನ್ನು ಕಳೆಯಬೇಕಾಗಿದೆ. ಸುಶ್ರುತನು 900 ಸ್ನಾಯುಗಳನ್ನು ಎಣಿಸುತ್ತಾನೆ. ಹಲಗೆಗಳನ್ನು ಹಗ್ಗದಿಂದ ಬಿಗಿದ ದೋಣಿಯಂತೆ ಶರೀರವು ಇವುಗಳಿಂದ ಬಿಗಿಯಲ್ಪಟ್ಟಿದೆಯೆಂಬ ಉಪಮಾನದಿಂದ, ಸಂಧಿಗಳನ್ನು ಕಟ್ಟುವ ಬಂಧಗಳೇ ಅವನ ಸ್ನಾಯುಗಳೆಂಬುದು ಸ್ಪಷ್ಟವಾಗುತ್ತದೆ. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡ. ವಂಗಭಾಷೆಯಲ್ಲಿಯಾದರೋ ಕನ್ನಡಿಗರು ನರವೆಂದು ಕರೆಯುವುದಕ್ಕೇ ಆ ಹೆಸರು. ಒಂದೇ ಶಬ್ದಕ್ಕೆ ಮೂರು ಅರ್ಥ! ನಾಡಿಯೆಂಬ ಶಬ್ದದ ಗತಿಯೂ ಇದಕ್ಕಿಂತ ಉತ್ತಮವಲ್ಲ. ವೈದ್ಯನು ಮಣಿಕಟ್ಟಿನಲ್ಲಿ ಹಿಡಿದು ನೋಡುವುದೂ ನಾಡಿ, ಯೋಗಿಯು ಧ್ಯಾನಿಸುವ ಸುಷುಮ್ನೆಯೂ ನಾಡಿ. 1927ರಲ್ಲಿ ಮುಂಬಯಿಯ ವೈದ್ಯರಾದ ವಸಂತ ರೇಳೆಯವರು ಕುಂಡಲಿನಿಯನ್ನು ಮಿದುಳಿನಿಂದ ಇಳಿದುಬರುವ ನರವೊಂದರೊಡನೆ ಏಕೀಕರಿಸಿ ಗ್ರಂಥವನ್ನೇ ಬರೆದರು. ಧ್ಯಾನದ ವಸ್ತುವನ್ನು ಶಸ್ತ್ರದ ಅಲಗಿನಿಂದ ಹುಡುಕುವುದರಿಂದ ಯೋಗಶಾಸ್ತ್ರಕ್ಕಾಗಲಿ ಶಾರೀರಶಾಸ್ತ್ರಕ್ಕಾಗಲಿ ಲಾಭವಿಲ್ಲ. ಪ್ರಕೃತ ಲೇಖನದಲ್ಲಿ ನರವೆಂಬ ದೇಶ್ಯಶಬ್ದವೇ ಸಾಕು.

ಬೆನ್ನುಹುರಿಯು ಪುರುಷರಲ್ಲಿ ಸುಮಾರು 45 ಸೆಂಟಿಮೀಟರು ಉದ್ದವಾಗಿ, ಕಿರುಬೆರಳಿನಷ್ಟು ದಪ್ಪವಾಗಿರುತ್ತದೆ. ಅದು ಬೆನ್ನೆಲುಬಿನ ಕೊನೆಯವರೆಗೂ ಇಳಿಯದೆ ಸೊಂಟದ ಮೊದಲನೆಯ ಎರಡನೆಯ ಕಶೇರುಗಳ ಬಳಿಯಲ್ಲಿಯೇ ಮುಗಿಯುತ್ತದೆ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಒಂದೊಂದು ನರಕ್ಕೂ ಮುಂದಿನದು, ಹಿಂದಿನದು ಎಂದು ಎರಡು ಬೇರುಗಳು. ಸ್ಕಾಟ್ಲೆಂಡಿನವನಾದ ಚಾರ್ಲ್ಸ್ ಬೆಲ್ಲನು 1811ರಲ್ಲಿ ಮುಂದಿನ ಬೇರನ್ನು ಮುಟ್ಟಿದಾಗ ಮಾಂಸಖಂಡಗಳು ಅದಿರುವುದನ್ನು ಕಂಡು ಬರೆದನು. 1822ರಲ್ಲಿ ಫ್ರಾನ್ಸಿನ ಮಜಾಂಡಿಯು ನಾಯಿಮರಿಗಳ ಬೇರುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ, ಹಿಂದಿನದು ಜ್ಞಾನವನ್ನು ಒಳಗೆ ತರುವುದೆಂದೂ ಮುಂದಿನದು ಚೇಷ್ಟೆಯನ್ನು ಹೊರಗೆ ಕಳುಹಿಸುವುದೆಂದೂ ನಿರ್ಣಯಿಸಿದನು. ಕೀರ್ತಿ ಯಾರದೆಂಬ ಕಲಹವು ಬಹುಕಾಲ ನಡೆಯಿತು. ಹಿಂದಿನ ಬೇರಿನ ಕಾರ್ಯವನ್ನು ಸ್ಪಷ್ಟವಾಗಿ ತೋರಿಸಿದವನು ಮಜಾಂಡಿಯೇ ಎಂಬುದರಲ್ಲಿ ಸಂದೇಹಕ್ಕೆ ಎಡೆ ಕಡಮೆ.

ಬೇರುಗಳ ಭೇದವು ತಿಳಿದರೂ ಹುರಿಯ ಒಳಗಿನ ದಾರಿಯು ತಿಳಿದಂತಾಗಲಿಲ್ಲ. ಅಡ್ಡಲಾಗಿ ಕೊಯ್ದು ನೋಡಿದರೆ ನಡುವೆ ಚಿಟ್ಟೆಯ ಆಕಾರದ ಬೂದುಬಣ್ಣದ ಭಾಗವೂ ಅದರ ಸುತ್ತಲೂ ಬಿಳಿಯ ಭಾಗವೂ ಕಾಣುತ್ತವೆ. ಬಿಳಿಯ ಭಾಗವೆಲ್ಲವೂ ಒಂದೇ ಬಗೆಯ ಎಳೆಗಳ ಕಂತೆಯಂತೆ ತೋರುತ್ತದೆ. ಇವುಗಳಲ್ಲಿ ಏರುವುದು ಯಾವುದು, ಇಳಿಯುವುದು ಯಾವುದು? ನರದ ಎಳೆಯನ್ನು ಕತ್ತರಿಸಿದರೆ ಅದರ ಕೋಶದಿಂದ ಬೇರ್ಪಟ್ಟ ತುಂಡು ನಶಿಸುವುದೆಂದು 1850ರಲ್ಲಿ ವಾಲರನು ತೋರಿಸಿದುದರಿಂದ ಉಪಾಯವು ದೊರೆಯಿತು. ತೂಬನ್ನು ಮುಚ್ಚಿದಾಗ ಯಾವ ಕಾಲುವೆ ಒಣಗುವುದೆಂದು ನೋಡಿ ನೀರಿನ ಹಾದಿಯನ್ನು ತಿಳಿಯುವ ಕ್ರಮವೇ ಇದು.

ಇಲ್ಲಿ ಮುಖ್ಯವಾದ ವಿಷಯವೊಂದುಂಟು. ಎಡಮಿದುಳು ಬಲಶರೀರವನ್ನೂ ಬಲಮಿದುಳು ಎಡಶರೀರವನ್ನೂ ಆಳುವುದೆಂಬ ಮಾತನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಮಾತು ನಿಜವೇ, ಆದರೆ ದಾರಿಗಳು ಪಕ್ಕ ಬದಲಿಸುವುದು ಎಲ್ಲಿ ಎಂಬುದನ್ನು ಹೇಳದಿದ್ದರೆ ಅದು ಅರ್ಧಸತ್ಯ. ನೋವು ಮತ್ತು ಶೀತೋಷ್ಣಗಳ ಜ್ಞಾನವನ್ನು ಒಯ್ಯುವ ಮಾರ್ಗವು ಹುರಿಯನ್ನು ಹೊಕ್ಕು, ಅಲ್ಲಿಯೇ ಬೂದುಭಾಗದ ಹಿಂದಿನ ಕೊಂಬಿನಲ್ಲಿ ಎರಡನೆಯ ಕೋಶಕ್ಕೆ ಭಾರವನ್ನೊಪ್ಪಿಸುತ್ತದೆ. ಆ ಕೋಶದ ಎಳೆಯು ಒಂದೆರಡು ಮಜಲುಗಳೊಳಗೆ ಇನ್ನೊಂದು ಪಕ್ಕಕ್ಕೆ ದಾಟಿ, ಹುರಿಯ ಮುಂಪಕ್ಕದಲ್ಲಿ ಮೇಲೇರುತ್ತದೆ. ಸೂಕ್ಷ್ಮಸ್ಪರ್ಶ, ಕಂಪನ, ಅಂಗಗಳ ಸ್ಥಿತಿ, ಅಂದರೆ ಕಣ್ಣು ಮುಚ್ಚಿದ್ದರೂ ಬೆರಳು ಮಡಿಸಿದೆಯೋ ಚಾಚಿದೆಯೋ ಎಂಬ ಅರಿವು, ಇವುಗಳ ಮಾರ್ಗ ಹೀಗಲ್ಲ. ಅದು ಹೊಕ್ಕ ಪಕ್ಕದಲ್ಲಿಯೇ ಹಿಂಭಾಗದ ಕಂಬದಲ್ಲಿ ನೇರವಾಗಿ ಏರಿ, ಮಿದುಳಿನ ಬುಡವಾದ ಮಣಿಶಿರವನ್ನು ಮುಟ್ಟಿದ ಮೇಲೆ ಕೋಶವನ್ನೂ ಪಕ್ಕವನ್ನೂ ಬದಲಿಸುತ್ತದೆ. ಈ ಕಂಬದಲ್ಲಿ ಕಾಲಿನಿಂದ ಬಂದವು ಒಳಗಡೆ, ಕೈಯಿಂದ ಬಂದವು ಹೊರಗಡೆ. ಎರಡು ಮಾರ್ಗಗಳೂ ಕಡೆಗೆ ಥಾಲಮಸ್ಸನ್ನು ಸೇರಿ ಅಲ್ಲಿಂದ ಮಿದುಳಿನ ಹೊರಪದರಕ್ಕೆ ಹೋಗುತ್ತವೆ. ಕಿರುಮಿದುಳಿಗೆ ಹೋಗುವ ಬೇರೆ ಮಾರ್ಗಗಳೂ ಇವೆ. ಅವು ತರುವುದು ಪ್ರಜ್ಞೆಗೆ ಬರುವುದಿಲ್ಲ.

ಇಳಿಯುವ ಚೇಷ್ಟಾಮಾರ್ಗವು ಹೊರಪದರದಿಂದ ಹೊರಟು, ಮಣಿಶಿರದ ಕೆಳತುದಿಯಲ್ಲಿ ನೂರಕ್ಕೆ 85ರಿಂದ 90 ಎಳೆಗಳು ಪಕ್ಕ ಬದಲಿಸಿ, ಹುರಿಯ ಪಾರ್ಶ್ವದಲ್ಲಿ ಇಳಿಯುತ್ತದೆ. ಮುಂದಿನ ಕೊಂಬಿನ ಚಾಲಕಕೋಶವು ಆಜ್ಞೆಯನ್ನು ಪಡೆದು ಮಾಂಸಖಂಡಕ್ಕೆ ತಲಪಿಸುತ್ತದೆ. ಪೋಲಿಯೋ ರೋಗವು ಹಾಳುಮಾಡುವುದು ಈ ಕೋಶಗಳನ್ನೇ. ಆದುದರಿಂದಲೇ ಆ ರೋಗದಿಂದ ಕಾಲು ಸೋತ ಮಗುವು ಅದನ್ನು ಎತ್ತಲಾರದು. ಚಿವುಟಿದರೆ ಮಾತ್ರ ಅಳುತ್ತದೆ.

ಹುರಿಯ ಅರ್ಧಭಾಗ ಮಾತ್ರ ಕತ್ತರಿಸಿಹೋದರೆ ಏನಾಗುವುದೆಂಬುದನ್ನು ಇದರಿಂದಲೇ ಊಹಿಸಬಹುದು. ಕತ್ತಿಯ ಇರಿತವು ಬಲಾರ್ಧವನ್ನು ಕಡಿಯಿತೆನ್ನೋಣ. ಕೆಳಗೆ ಬಲಗಾಲು ಆಡದು. ಅದರ ಸ್ಥಿತಿಯೂ ತಿಳಿಯದು. ಆದರೆ ಬೆಂಕಿ ತಾಗಿದರೆ ಅದೇ ಕಾಲಿಗೆ ಉರಿಯು ತಿಳಿಯುತ್ತದೆ. ಎಡಗಾಲು ಚೆನ್ನಾಗಿ ಆಡುತ್ತದೆ. ಸುಟ್ಟರೂ ಅದಕ್ಕೆ ನೋವಿಲ್ಲ. ಸಾಮಾನ್ಯಸ್ಪರ್ಶವು ಎರಡು ಮಾರ್ಗಗಳಲ್ಲಿಯೂ ಹಂಚಿಹೋಗಿರುವುದರಿಂದ ಯಾವ ಕಾಲಿನಲ್ಲಿಯೂ ಪೂರ್ತಿಯಾಗಿ ಅಳಿಯುವುದಿಲ್ಲ. ನೋಡುವವರಿಗೆ ರೋಗಿಯು ಸುಳ್ಳು ಹೇಳುತ್ತಿರುವನೆಂಬ ಶಂಕೆ ಬರುವಷ್ಟು ವಿಚಿತ್ರವಾದ ಈ ಲಕ್ಷಣಸಮೂಹವನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಿವರಿಸಿದವನು, 1817ರಲ್ಲಿ ಮಾರಿಷಸ್ ದ್ವೀಪದಲ್ಲಿ ಹುಟ್ಟಿದ ಬ್ರೌನ್-ಸೆಕಾರ್. ಇಂದಿಗೂ ಅದು ಅವನ ಹೆಸರಿನಿಂದಲೇ ಪ್ರಸಿದ್ಧ. ಹುರಿಯ ನಡುವೆ ಕುಳಿಬೀಳುವ ರೋಗದಲ್ಲಿ ದಾಟುವ ಎಳೆಗಳು ಮಾತ್ರ ನಾಶವಾಗಿ, ಎರಡು ಕೈಗಳಲ್ಲಿಯೂ ಶಾಖದ ಅರಿವು ಹೋಗಿ ಸ್ಪರ್ಶವು ಉಳಿಯುವುದೂ ಇದೇ ನ್ಯಾಯದಿಂದ.

ಈ ತಿಳಿವಳಿಕೆಯ ಪ್ರಯೋಜನವು 1912ರಲ್ಲಿ ಅಮೆರಿಕದ ಸ್ಪಿಲ್ಲರ್ ಮತ್ತು ಮಾರ್ಟಿನ್ ಎಂಬ ವೈದ್ಯರು ಪ್ರಕಟಿಸಿದ ಶಸ್ತ್ರಚಿಕಿತ್ಸೆಯಲ್ಲಿ ಕಂಡುಬಂದಿತು. ಶರೀರದ ಕೆಳಭಾಗದ ತೀರದ ನೋವಿಗೆ ಅವರು ಹುರಿಯ ಮುಂಪಕ್ಕದ ಎಳೆಗಳನ್ನು ಮಾತ್ರ ಕತ್ತರಿಸಿದರು. ಎಡಗಾಲಿನಲ್ಲಿ ನೋವಿದ್ದರೆ ಶಸ್ತ್ರವು ಬೀಳಬೇಕಾದುದು ಹುರಿಯ ಬಲಪಕ್ಕದಲ್ಲಿ. ಅದೂ ನೋವಿನ ಎಳೆಗಳೆಲ್ಲ ಪಕ್ಕ ಬದಲಿಸಿ ಮುಗಿದಿರುವಷ್ಟು ಮೇಲೆ. ಅಲಗು ತುಸು ಹಿಂದಕ್ಕೆ ಸರಿದರೆ ಇಳಿದುಬರುವ ಚೇಷ್ಟಾಮಾರ್ಗವು ಕಡಿದು, ನೋವಿಲ್ಲದ ಬಲಗಾಲೇ ಸೋಲುತ್ತದೆ. ಅರ್ಬುದರೋಗದ ಅಸಾಧ್ಯವಾದ ನೋವಿಗೆ ಈ ಚಿಕಿತ್ಸೆಯನ್ನು ಸೂಜಿಯ ಮೂಲಕ ಮಾಡುವ ಕ್ರಮವು ವಿರಳವಾಗಿಯಾದರೂ ಈಗಲೂ ಬಳಕೆಯಲ್ಲಿದೆ.