ಲಕ್ವಾ ಹೊಡದಿದ್ದು ಮುಖಕ್ಕೋ, ಮೈಗೋ?

ಇವತ್ತಿನ ಪದ ‘ಲಕ್ವಾ’. ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಒಂದು ಬದಿಯ ಕೈಕಾಲು ಬಿದ್ದುಹೋದ್ರೆ ‘ಲಕ್ವಾ ಹೊಡದೈತಿ’ ಅಂತಾರೆ. ಬರೀ ಬಾಯಿ ಸೊಟ್ಟ ಆದ್ರೂ ಅದೇ ಮಾತು. ತೊಡಕು ಇರೋದೇ ಇಲ್ಲಿ.

ಪದ ಮೂಲದಲ್ಲಿ ಅರಬ್ಬಿ. ಪರ್ಷಿಯನ್, ಉರ್ದು ದಾಟಿ ಮರಾಠಿಗೂ ನಮಗೂ ಬಂತು. ಅರಬ್ಬಿ ವೈದ್ಯರಿಗೆ ಲಕ್ವಾ ಅಂದ್ರೆ ಮುಖ ಒಂದು ಕಡೆ ವಾಲೋದು, ಅಷ್ಟೇ. ಅರ್ಧ ಮೈ ಸ್ವಾಧೀನ ತಪ್ಪಿದ್ರೆ ಅದಕ್ಕೆ ‘ಫಾಲಿಜ್’ ಅನ್ನೋ ಬೇರೆ ಹೆಸರಿತ್ತು. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ವಿವರಿಸಿದ್ದ. ಆಯುರ್ವೇದದಲ್ಲೂ ಮುಖದ್ದು ಅರ್ದಿತ, ಮೈಯದ್ದು ಪಕ್ಷಾಘಾತ. ನಮ್ಮ ಆಡುಮಾತಿನಲ್ಲಿ ಮಾತ್ರ ಲಕ್ವಾ ಎರಡನ್ನೂ ನುಂಗಿಬಿಟ್ಟಿದೆ. (ಪುಸ್ತಕದ ಪದ ‘ಪಾರ್ಶ್ವವಾಯು’ ಕೂಡ ಹಳೇ ವಾತದ ಲೆಕ್ಕದ್ದೇ. ಗಾಳಿಗೂ ಈ ಕಾಯಿಲೆಗೂ ಸಂಬಂಧ ಇಲ್ಲ.)

ಬರೀ ಮುಖದ ನರ ಊದಿಕೊಂಡು ಬಾಯಿ ಸೊಟ್ಟ ಆಗೋದಕ್ಕೆ ಈಗ ಡಾಕ್ಟರು ಬೆಲ್ಸ್ ಪಾಲ್ಸಿ ಅಂತಾರೆ. ಅದು ಬಹಳಷ್ಟು ಜನರಿಗೆ ಕೆಲವು ವಾರ, ತಿಂಗಳಲ್ಲಿ ತಾನಾಗೇ ಇಳಿಯುತ್ತೆ. ಆ ನಡುವೆ ಯಾರೋ ಎಣ್ಣೆ ತಿಕ್ಕಿರ್ತಾರೆ, ಬೇರು ತೇಯ್ದು ಕೊಟ್ಟಿರ್ತಾರೆ. ಹೆಸರು ಅವರಿಗೆ: ‘ಲಕ್ವಾಕ್ಕ ಅಲ್ಲಿ ಔಷಧ ಛಲೋ ಐತಿ’. ಮುಂದೆ ಒಂದಿನ ಮನೇಲಿ ಅಜ್ಜನ ಮೆದುಳಿನ ರಕ್ತನಾಳ ಕಟ್ಟಿಕೊಂಡಾಗಲೂ ಗಾಡಿ ಅದೇ ಊರಿಗೆ ತಿರುಗುತ್ತೆ. ಹೆಸರು ಒಂದೇ ಅಲ್ವಾ!

ಆದ್ರೆ ಮೆದುಳಿನ ಲಕ್ವಾ, ಅಂದ್ರೆ ಸ್ಟ್ರೋಕ್, ನಿಮಿಷದ ಲೆಕ್ಕದ್ದು. ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಯಾಕಂದ್ರೆ ರಕ್ತನಾಳ ಒಡೆದು ಆದ ಸ್ಟ್ರೋಕಿಗೆ ಅದೇ ಇಂಜೆಕ್ಷನ್ ಅಪಾಯ. ಊರಿಂದ ದಾವಣಗೆರೆಗೋ ಹುಬ್ಬಳ್ಳಿಗೋ ಮುಟ್ಟೋ ಹೊತ್ತೂ ಆ ನಾಲ್ಕೂವರೆ ಗಂಟೆಯಲ್ಲೇ ಕಳೆಯಬೇಕು.

ಬರೀ ಮುಖದ್ದಾ, ಮೆದುಳಿನದ್ದಾ ಅಂತ ಮನೇಲಿ ಕೂತು ಪರೀಕ್ಷೆ ಮಾಡಬೇಡಿ. ಬಾಯಿ ಒಂದು ಕಡೆ ಜಾರಿದ್ರೆ, ಒಂದು ಕೈ ಎತ್ತೋಕೆ ಆಗದಿದ್ರೆ, ಮಾತು ತೊದಲಿದ್ರೆ, ಒಂದೇ ಲಕ್ಷಣ ಇದ್ರೂ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲು ಕೇಳೋದು, ‘ಕೊನೇ ಸಲ ಸರಿಯಾಗಿದ್ದಿದ್ದು ಎಷ್ಟು ಗಂಟೆಗೆ?’ ಅಂತ. ಆ ಟೈಮನ್ನ ಕೈಯಲ್ಲಿರೋ ಮೊಬೈಲಿನಲ್ಲೇ ಬರೆದಿಟ್ಕೊಳ್ಳಿ.